ಹೆಡ್ ಕೊಡುವ ಮೊದಲು ಅಳತೆ ಹಿಡಿ

ತಮ್ಮಾ, ನಿನ್ನ ಆರ್‌ಎಕ್ಸ್ 100ರ ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಕೊಡುತ್ತೀಯಂತೆ. ಒಂದು ಮಿಲಿಮೀಟರ್ ಫೇಸಿಂಗ್ ಹೊಡೆಸಿದರೆ ಗಾಡಿ ಹಾರುತ್ತದೆ ಎಂದು ಗೆಳೆಯರು ಹುರಿದುಂಬಿಸಿದ್ದಾರೆ. ಬೇಡವೆನ್ನಲು ನಾನು ಬಂದಿಲ್ಲ. ಕಂಪ್ರೆಷನ್ ಏರಿದರೆ ಎಳೆತ ಹೆಚ್ಚುವುದು ನಿಜವೇ. ಆದರೆ ಎಷ್ಟು ತೆಗೆಸಬೇಕೆಂಬುದನ್ನು ಪಕ್ಕದವನ ಗಾಡಿ ನೋಡಿ ತೀರ್ಮಾನಿಸಬೇಡ, ನಿನ್ನ ಇಂಜಿನ್ನನ್ನೇ ಅಳೆದು ತೀರ್ಮಾನಿಸು.

1985ರಲ್ಲಿ ಬಂದು 1996ರಲ್ಲಿ ನಿಂತ ಗಾಡಿ ಅದು. ಎಷ್ಟು ಕೈ ದಾಟಿ ನಿನಗೆ ಬಂತೋ! ಹೆಡ್ಡನ್ನು ಹಿಂದೆಯೇ ಯಾರಾದರೂ ಕತ್ತರಿಸಿರಬಹುದು, ಬೋರ್ ಕೂಡ ದೊಡ್ಡದಾಗಿರಬಹುದು. ಅದಕ್ಕೇ ಮೊದಲು ಪಿಸ್ಟನ್ನನ್ನು ಪೂರ್ತಿ ಮೇಲೆ ತಂದು, ಪ್ಲಗ್ಗಿನ ತೂತು ನೆಟ್ಟಗೆ ನಿಲ್ಲುವಂತೆ ಇಂಜಿನ್ ವಾಲಿಸು. ಮೆಡಿಕಲ್ ಅಂಗಡಿಯ ಸಿರಿಂಜಿನಲ್ಲಿ ತೆಳು ಎಣ್ಣೆಯನ್ನು ಪ್ಲಗ್ಗಿನ ಕೆಳಗಿನ ಮರೆಯವರೆಗೆ ತುಂಬು. ಎಷ್ಟು ಸಿಸಿ ಹಿಡಿಯಿತೋ ಅದೇ ನಿನ್ನ ಚೇಂಬರ್.

ಈಗ ಲೆಕ್ಕ. ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ., ಒಟ್ಟು 98 ಸಿಸಿ. ಚೇಂಬರ್ 14 ಸಿಸಿ ಇದೆ ಎಂದುಕೊಳ್ಳೋಣ. 98ಕ್ಕೆ 14 ಕೂಡಿಸಿ 14ರಿಂದ ಭಾಗಿಸಿದರೆ ಅನುಪಾತ 8. ಹೆಡ್ಡಿನಿಂದ ಅರ್ಧ ಮಿಲಿಮೀಟರ್ ತೆಗೆದರೆ ಸುಮಾರು 1 ಸಿಸಿ ಕಡಿಮೆಯಾಗಿ 8.5 ಆಗುತ್ತದೆ, ಪೂರ್ತಿ ಒಂದು ಮಿಲಿಮೀಟರ್ ತೆಗೆದರೆ 9 ದಾಟುತ್ತದೆ. ಕೈಪಿಡಿಯ ಅಂಕಿ ಇದಕ್ಕಿಂತ ಕಡಿಮೆ ಕಂಡರೆ ಗಾಬರಿಯಾಗಬೇಡ. ಜಪಾನಿನ ಕಂಪನಿಗಳು ಟೂ-ಸ್ಟ್ರೋಕ್‌ನಲ್ಲಿ ಎಕ್ಸಾಸ್ಟ್ ಪೋರ್ಟ್ ಮುಚ್ಚಿದ ಮೇಲಿನ ಸ್ಟ್ರೋಕನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ.

ಲಾಭವನ್ನೂ ನೋಡು. 8ರಿಂದ 9ಕ್ಕೆ ಏರಿದರೆ ಪುಸ್ತಕದ ಸೂತ್ರದ ಪ್ರಕಾರ ದಕ್ಷತೆ ಹೆಚ್ಚುವುದು ಸುಮಾರು ಶೇ. 3.5, 9ರಿಂದ 10ಕ್ಕೆ ಹೋದರೆ ಅದಕ್ಕಿಂತಲೂ ಕಡಿಮೆ. 11 ಹಾರ್ಸ್‌ಪವರಿನ ಗಾಡಿಗೆ ಅರ್ಧ ಹಾರ್ಸ್‌ಪವರಿನ ಆಸುಪಾಸು ಸಿಕ್ಕೀತು. ಗಾಡಿ ಹಾರುವುದಿಲ್ಲ, ಚುರುಕಾಗುತ್ತದೆ ಅಷ್ಟೆ.

ಹೆಡ್ಡಿನ ಅಂಚಿಗೂ ಪಿಸ್ಟನ್ನಿಗೂ ನಡುವಿನ ಸಂದು, ನಮ್ಮ ಮೆಕ್ಯಾನಿಕ್‌ಗಳು ಸ್ಕ್ವಿಶ್ ಎನ್ನುವುದು, ಬಹಳ ಮುಖ್ಯ. ಫೇಸಿಂಗ್ ಎಷ್ಟು ಹೊಡೆಸಿದೆಯೋ ಅದೂ ಅಷ್ಟೇ ಕಿರಿದಾಗುತ್ತದೆ. ಪ್ಲಗ್ಗಿನ ತೂತಿನಿಂದ ಬೆಸುಗೆಯ ಸೀಸದ ತಂತಿಯನ್ನು ಸಿಲಿಂಡರಿನ ಗೋಡೆ ಮುಟ್ಟುವಂತೆ ಇಳಿಸಿ, ಕೈಯಲ್ಲೇ ಕಿಕ್ಕರ್ ಒತ್ತಿ ಪಿಸ್ಟನ್ ದಾಟಿಸು. ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಅಳೆ. ಈ ಬೋರಿಗೆ 1 ಮಿ.ಮೀ. ಆಸುಪಾಸು ಉಳಿದಿರಲಿ, 0.8ಕ್ಕಿಂತ ಕೆಳಗೆ ಇಳಿಸಬೇಡ. ಇಳಿಯುತ್ತದೆ ಎಂದಾದರೆ ಸ್ಕ್ವಿಶ್ ಅಂಚನ್ನೂ ಹೊಸದಾಗಿ ಕತ್ತರಿಸಿಕೊಡುವ ಬಲ್ಲವನ ಬಳಿ ಹೋಗು.

ಮಿತಿ ಮೀರಿದರೆ ಡಿಟೊನೇಷನ್ ಶುರುವಾಗುತ್ತದೆ. ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ಬಿಸಿಗೂ ಒತ್ತಡಕ್ಕೂ ತಾನಾಗಿ ಸಿಡಿಯುತ್ತದೆ. ಬಂಕಿನ ಸಾಮಾನ್ಯ ಪೆಟ್ರೋಲಿಗೆ ಬಿಎಸ್ 6 ಮಾನದಂಡ ಕೇಳುವುದು ಕನಿಷ್ಠ 91 ಆಕ್ಟೇನ್. ಆ ಲೆಕ್ಕಕ್ಕೇ ಗಾಡಿ ಕಟ್ಟು. ಫೇಸಿಂಗ್ ಆದ ಮೇಲೆ ಇಗ್ನಿಷನ್ ಟೈಮಿಂಗನ್ನು ಕೊಂಚ ಹಿಂದಕ್ಕೆ ಸರಿಸಬೇಕಾದೀತು. ಘಾಟಿ ಏರುವಾಗ ಲೋಹ ಕುಟ್ಟಿದ ಸದ್ದು ಕೇಳಿದರೆ, ಪ್ಲಗ್ಗಿನ ಪಿಂಗಾಣಿಯ ಮೇಲೆ ಅಲ್ಯೂಮಿನಿಯಮ್ ಚುಕ್ಕೆ ಕಂಡರೆ ಅಲ್ಲಿಗೇ ನಿಲ್ಲಿಸು. ಆಮೇಲೂ ಓಡಿಸಿದರೆ ಪಿಸ್ಟನ್ನಿನ ತಲೆ ತೂತಾಗುತ್ತದೆ.

ನಿನ್ನ ಗೆಳೆಯ ಫೋರ್-ಸ್ಟ್ರೋಕ್ ಹೆಡ್ ತಂದರೆ ಅವನಿಗೂ ಹೇಳು: ಅಲ್ಲಿ ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ಮೇಲೆ ಕ್ಯಾಮ್ ಇರುವ ಇಂಜಿನ್ನಾದರೆ ಚೈನು ಸಡಿಲವಾಗಿ ವಾಲ್ವ್ ಟೈಮಿಂಗೂ ತಪ್ಪುತ್ತದೆ.

ಗ್ಯಾಸ್ಕೆಟ್ ಸೋರುತ್ತಿದೆ ಎಂಬುದಷ್ಟೇ ನಿನ್ನ ತೊಂದರೆಯಾದರೆ ಲೇತೇ ಬೇಡ. ದಪ್ಪ ಗಾಜಿನ ಮೇಲೆ ಎಮರಿ ಹಾಳೆ ಹಾಸಿ ಹೆಡ್ಡನ್ನು ಸಮವಾಗಿ ತಿಕ್ಕಿದರೆ ಸಾಕು.

ಕಾರ್ಖಾನೆಯ ಒಳ್ಳೆಯ ಹೆಡ್ ಈಗ ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಮೊದಲ ಸಲ 0.3 ಮಿ.ಮೀ. ಮಾತ್ರ ತೆಗೆಸು, ಓಡಿಸಿ ನೋಡು, ಮತ್ತೆ ಅಳೆ. ಸಾಲದೆನಿಸಿದರೆ ಇನ್ನಷ್ಟು ತೆಗೆಯಬಹುದು; ಹೆಚ್ಚು ತೆಗೆದದ್ದನ್ನು ಮರಳಿ ಇಡಲಾಗದು.