ಟೈಲ್ಸ್ ಆರಿಸುವ ಮುಂಚೆ ಬಿಸಿನೀರಿನ ಮಾತು

ಶ್ರೀರಾಂಪುರದ ನಿನ್ನ ಮನೆಗೆ ಮೋಲ್ಡ್ ಹಾಕಿಸಿದೆಯಂತೆ, ನಿಮ್ಮಮ್ಮ ಹೇಳಿದಳು. ಸಂತೋಷ ಕಣಪ್ಪ. ಇನ್ನು ಗೋಡೆ ಕೊರೆದು ಪೈಪು ಕೂರಿಸುವವರು ಬರುತ್ತಾರೆ. ಅಷ್ಟರೊಳಗೆ ಗಂಡ ಹೆಂಡತಿ ಕೂತು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ: ಸ್ನಾನದ ನೀರು ಯಾವುದರಲ್ಲಿ ಕಾಯಬೇಕು? ಟೈಲ್ಸ್ ಅಂಟಿಸಿದ ಮೇಲೆ ಯೋಚನೆ ಬಂದರೆ ಮತ್ತೆ ಒಡೆಸಬೇಕಾಗುತ್ತದೆ.

ನಮ್ಮ ಕಾಲದಲ್ಲಿ ಈ ಚರ್ಚೆಯೇ ಇರಲಿಲ್ಲ. ಬಚ್ಚಲಲ್ಲಿ ತಾಮ್ರದ ಹಂಡೆ, ಅದರಡಿ ಒಲೆ, ಒಲೆಗೆ ಸೌದೆ, ತೆಂಗಿನ ಮಟ್ಟೆ, ಕರಟ. ನೀರು ತುಂಬುವ ಹಬ್ಬದ ದಿನ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ಪೂಜೆ ಮಾಡುತ್ತಿದ್ದೆವು. ಅದನ್ನು ನೆನೆದು ಈಗ ಬಹಳ ಜನ ನಿಟ್ಟುಸಿರು ಬಿಡುತ್ತಾರೆ. ಆ ಒಲೆಯನ್ನು ದಿನಾ ಊದಿದವರು ಯಾರು ಅಂತ ನಿಮ್ಮಜ್ಜಿಯನ್ನು ಕೇಳಿ ನೋಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ'ದವರು ಹೊಗೆ ತಗ್ಗಿಸಿ ಸೌದೆ ಉಳಿಸುವ ಒಲೆಗಾಗಿ ತಲೆ ಕೆಡಿಸಿಕೊಂಡದ್ದು ಸುಮ್ಮನೆ ಅಲ್ಲ. ಹಿತ್ತಲಿದ್ದು, ಎರಡು ತೆಂಗಿನ ಮರವಿದ್ದರೆ ಹೊರಗೊಂದು ಬಾಯ್ಲರ್ ಇಟ್ಟುಕೋ ಅನ್ನುತ್ತಿದ್ದೆ. ಮೂವತ್ತು-ನಲವತ್ತರ ಸೈಟಿನಲ್ಲಿ ನಿನ್ನ ಹೊಗೆಯೆಲ್ಲ ಪಕ್ಕದವರ ಒಗೆದ ಬಟ್ಟೆಗೇ ಹೋಗುತ್ತದೆ. ಬೇಡ.

ಎಲ್ಲರೂ ಮೊದಲು ಹೇಳುವುದು ಗೀಸರ್. ಲೆಕ್ಕ ಹಾಕು. ಮನೆಯಲ್ಲಿ ನಾಲ್ಕು ಜನ, ತಲೆಗೆ ಎರಡು ಬಕೆಟ್, ಅಂದರೆ 40 ಲೀಟರ್. ನಲ್ಲಿಯ ನೀರು 24 ಡಿಗ್ರಿ ಇದ್ದರೆ ಅದನ್ನು 40ಕ್ಕೆ ಏರಿಸಲು ಒಬ್ಬರಿಗೆ ಮುಕ್ಕಾಲು ಯೂನಿಟ್ ಬೇಕು. ನಾಲ್ವರಿಗೆ ದಿನಕ್ಕೆ ಮೂರು, ತಿಂಗಳಿಗೆ 90. ಕರೆಂಟು ಹೇಗೂ ಪುಕ್ಕಟೆ ತಾನೇ ಅನ್ನಬೇಡ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಆ 200ರಲ್ಲಿ ಸುಮಾರು ಅರ್ಧವನ್ನು ಬಚ್ಚಲೇ ನುಂಗಿದರೆ ಫ್ರಿಜ್ಜು, ಮೋಟರು, ಮಿಕ್ಸಿಗೆ ಏನುಳಿಯಿತು?

ಹಾಗಾಗಿ ನನ್ನ ಮಾತು ಸೋಲಾರ್. ನಮ್ಮ ಮೈಸೂರಿನ ಬಿಸಿಲು ಅದಕ್ಕೆ ಹೇಳಿ ಮಾಡಿಸಿದ್ದು. ನಾಲ್ಕೈದು ಜನಕ್ಕೆ 200 ಲೀಟರಿನದು ಸಾಕು. ಆದರೆ ಅಂಗಡಿಯವನು ಬ್ರ್ಯಾಂಡಿನ ಬಗ್ಗೆ ಹೇಳುವಷ್ಟು ಜಾಗದ ಬಗ್ಗೆ ಹೇಳುವುದಿಲ್ಲ. ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು. ದಕ್ಷಿಣದ ಪಕ್ಕದ ಸೈಟು ಖಾಲಿಯಿದ್ದರೆ, ನಾಳೆ ಅಲ್ಲಿ ಮೂರಂತಸ್ತು ಏಳುತ್ತದೆ ಅಂತಲೇ ತಿಳಿದುಕೊಂಡು ಜಾಗ ಗೊತ್ತುಮಾಡು. ತಣ್ಣೀರಿನ ಸಿಂಟೆಕ್ಸ್ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ಇಲ್ಲದಿದ್ದರೆ ಬಿಸಿನೀರಿನ ಟ್ಯಾಂಕು ಪೂರ್ತಿ ತುಂಬುವುದೇ ಇಲ್ಲ. ಟ್ಯಾಂಕಿನ ಕಟ್ಟೆಯನ್ನು ಈಗಲೇ ಎತ್ತರಿಸಿ ಕಟ್ಟಿಸಿಬಿಡು. ಬೋರ್‌ವೆಲ್ ನೀರಾದರೆ ತಾಮ್ರದ ಸಣ್ಣ ಕೊಳವೆಗಳ ಫಲಕದಲ್ಲಿ ಉಪ್ಪು ಕಟ್ಟಿಕೊಳ್ಳುತ್ತದೆ, ಗಾಜಿನ ಟ್ಯೂಬಿನದು ವಾಸಿ. ಆದರೆ ಗಾಜಿನದಕ್ಕೆ ಪ್ರೆಶರ್ ಪಂಪಿನ ಒತ್ತಡ ಕೊಡಬಾರದು.

ಪೈಪಿನ ದಾರಿ ಆದಷ್ಟು ಗಿಡ್ಡವಿರಲಿ. ಮುಕ್ಕಾಲು ಇಂಚಿನ ಪೈಪು 20 ಮೀಟರ್ ಓಡಿದರೆ ಅದರಲ್ಲೇ ಸುಮಾರು 5 ಲೀಟರ್ ತಣ್ಣೀರು ನಿಂತಿರುತ್ತದೆ. ಬಿಸಿನೀರು ಬರುವ ತನಕ ಅದನ್ನೆಲ್ಲ ಮೋರಿಗೆ ಬಿಡುವುದು ಎಲ್ಲರ ಮನೆಯ ದಿನನಿತ್ಯದ ಕಥೆ. ಬಚ್ಚಲುಗಳು ಒಂದರ ಮೇಲೊಂದು ಬಂದರೆ ಇದು ತಪ್ಪುತ್ತದೆ. ಸಿಪಿವಿಸಿ ಪೈಪನ್ನೇ ಹಾಕಿಸು, ಮಾಮೂಲಿ ಪಿವಿಸಿ ಬಿಸಿಗೆ ಬಾಗುತ್ತದೆ. ತಾರಸಿಯ ಮೇಲೆ ಕಾಣುವ ಭಾಗಕ್ಕೆ ಶಾಖ ತಡೆಯುವ ಹೊದಿಕೆ ಸುತ್ತಿಸು.

ಮೋಡದ ದಿನ ಏನು ಮಾಡುವುದು ಅಂತ ನಿನ್ನ ಹೆಂಡತಿ ಕೇಳೇ ಕೇಳುತ್ತಾಳೆ, ಕೇಳಬೇಕಾದ್ದೇ. ಅಕ್ಟೋಬರಿನಲ್ಲಿ ನಮ್ಮಲ್ಲಿ ಮಳೆ ಜಾಸ್ತಿ, ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೇ ಸೋಲಾರ್ ಕೈಕೊಡಬಹುದು. ಅದಕ್ಕೆ ಸೋಲಾರ್ ಟ್ಯಾಂಕಿನೊಳಗೆ ಕಾಯಿಲ್ ಹಾಕಿಸಿಕೊಳ್ಳಿ ಅನ್ನುತ್ತಾರೆ. ನನಗದು ಸರಿ ಕಾಣುವುದಿಲ್ಲ. ಎರಡು ಬಕೆಟ್ ನೀರಿಗಾಗಿ 200 ಲೀಟರನ್ನೂ ಕಾಯಿಸಬೇಕು. 20 ಡಿಗ್ರಿ ಏರಿಸುವುದಕ್ಕೇ ನಾಲ್ಕೂವರೆ ಯೂನಿಟ್ ಮೇಲೆ ಹೋಗುತ್ತದೆ. ಅದರ ಬದಲು ಒಂದು ಬಚ್ಚಲಲ್ಲಿ 15 ಲೀಟರಿನ ಗೀಸರ್ ಇರಲಿ. 2 ಕಿಲೋವ್ಯಾಟಿನದು ಇಪ್ಪತ್ತು ನಿಮಿಷದಲ್ಲಿ ಅಷ್ಟನ್ನೂ 60 ಡಿಗ್ರಿಗೆ ತರುತ್ತದೆ, ಖರ್ಚು ಯೂನಿಟ್ಟಿನ ಮೂರನೇ ಎರಡು ಭಾಗ. ತಣ್ಣೀರು ಬೆರೆಸಿದರೆ ಒಬ್ಬರ ಸ್ನಾನ ಆಗಿಹೋಗುತ್ತದೆ.

ಹೀಟ್ ಪಂಪ್ ಅಂತ ಒಂದು ಬಂದಿದೆ. ಹೊರಗಿನ ಗಾಳಿಯ ಶಾಖವನ್ನೇ ನೀರಿಗೆ ಸೇರಿಸುತ್ತದೆ, ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಬಿಸಿ. ಹಾಸ್ಟೆಲು, ಲಾಡ್ಜಿಗೆ ಒಳ್ಳೆಯದು. ನಿನಗೆ ಬಿಸಿಲಿರುವಾಗ ಅಷ್ಟು ದುಡ್ಡು ಯಾಕೆ?

ಚಳಿಗೆ ರೂಮ್ ಹೀಟರ್ ಬೇಕಾ ಅಂದಿದ್ದೆ. ಲಿಂಗಾಂಬುಧಿ ಕೆರೆ ಕಡೆಯಿಂದ ಡಿಸೆಂಬರಿನಲ್ಲಿ ತಣ್ಣನೆ ಗಾಳಿ ಬೀಸುತ್ತದೆ, ನಿಜ. ಅದು ಕಂಬಳಿಗೆ ಬಗ್ಗುವ ಚಳಿ. ಬಾಣಂತಿ ಕೋಣೆಗೆ ಅಂತ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕುವ ಅಭ್ಯಾಸ ಮಾತ್ರ ಯಾವ ಕಾರಣಕ್ಕೂ ಬೇಡ.

ಗ್ಯಾಸ್ ಗೀಸರಿಗೂ ಅದೇ ಮಾತು. ಬೆಲೆ ಕಮ್ಮಿ, ಥಟ್ಟನೆ ಕಾಯುತ್ತದೆ. ಆದರೆ ಮುಚ್ಚಿದ ಬಚ್ಚಲಲ್ಲಿ ಉರಿ ಆಮ್ಲಜನಕವನ್ನು ಎಳೆದುಕೊಂಡು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗಿದ್ದವರಿಗೆ ಕೂಗುವಷ್ಟೂ ಹೊತ್ತು ಸಿಗುವುದಿಲ್ಲ. ಪತ್ರಿಕೆಯಲ್ಲಿ ಇಂಥ ಸಾವಿನ ಸುದ್ದಿ ಬರುತ್ತಲೇ ಇರುತ್ತದೆ. ಬಾಡಿಗೆಗೆ ಕೊಡುವ ಮೇಲಂತಸ್ತಿನಲ್ಲೂ ಅದನ್ನು ಬಚ್ಚಲೊಳಗೆ ಕೂರಿಸಲು ಬಿಡಬೇಡ.

ಸೋಲಾರಿಗೆ ಬಿಲ್ಲಿನಲ್ಲಿ ಈಗ ಏನು ರಿಯಾಯಿತಿ ಇದೆ ಅಂತ ಸೆಸ್ಕ್ ಕಚೇರಿಯಲ್ಲೇ ಕೇಳಿಬಿಡು. ಪ್ಲಂಬರನನ್ನು ಈ ವಾರವೇ ತಾರಸಿಗೆ ಹತ್ತಿಸಿ, ಟ್ಯಾಂಕು ಎಲ್ಲಿ, ಪೈಪು ಎಲ್ಲಿಳಿಯಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಸು. ನಾನೂ ಬರುತ್ತೇನೆ, ಮೆಟ್ಟಿಲಿಗೆ ಕಂಬಿ ಹಾಕಿಸಿದ್ದರೆ.