ಸಿಎಸ್‌ಆರ್ ಹಣದಲ್ಲಿ ಮಕ್ಕಳ ಓದು: ಏನನ್ನು ಕೇಳಬೇಕು, ಹೇಗೆ ಕೇಳಬೇಕು?

ಊರಿನ ಶಾಲೆಗೆ ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿಯ ನೆರವು ಸಿಗಬಹುದು ಎಂಬ ಸುದ್ದಿ ಬಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪಟ್ಟಿಯೊಂದು ಬೇಗನೆ ಸಿದ್ಧವಾಗುತ್ತದೆ: ಕಪಾಟು, ಪುಸ್ತಕ, ಕಂಪ್ಯೂಟರ್, ಗೋಡೆಗೆ ಬಣ್ಣ. ಕಂಪನಿಗೂ ಇದು ಸಲೀಸು. ಒಂದೇ ಸಲ ಕೊಂಡು, ಹಸ್ತಾಂತರಿಸಿ, ವರದಿಯಲ್ಲಿ ಸೇರಿಸಿಬಿಡಬಹುದು. ಮಕ್ಕಳು ಓದು ಕಲಿಯಬೇಕು ಎಂಬುದೇ ಗುರಿಯಾದರೆ ಈ ಪಟ್ಟಿ ಸಾಲದು. ಮಕ್ಕಳ ಪಕ್ಕ ಕೂತು ದಿನವೂ ಓದಿಸುವ ಒಬ್ಬರ ಗೌರವಧನ, ಅವರಿಗೆ ತರಬೇತಿ, ಮನೆಯವರನ್ನು ಒಳಗೊಳ್ಳುವ ಏರ್ಪಾಡು, ಇವೆಲ್ಲ ಕೆಲವು ವರ್ಷ ಕಡಿಯದೆ ನಡೆಯುವ ಖಾತರಿ ಬೇಕು. ಪುಸ್ತಕಗಳು ಇವುಗಳ ಜೊತೆಗೆ ಬರಲಿ.

ಹೀಗೆ ಹೇಳಲು ಆಧಾರವಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ನಡೆದ ಗ್ರಂಥಾಲಯ ಕಾರ್ಯಕ್ರಮವೊಂದನ್ನು ಅರ್ಥಶಾಸ್ತ್ರಜ್ಞರು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 16 ತಿಂಗಳ ನಂತರವೂ ಮಕ್ಕಳ ಭಾಷಾ ಪರೀಕ್ಷೆಯ ಅಂಕಗಳಲ್ಲಿ ಒಟ್ಟಾರೆ ಏನೂ ಬದಲಾವಣೆ ಆಗಿರಲಿಲ್ಲ. ಗ್ರಂಥಪಾಲಕರು ಆಗಾಗ ಬಂದು ಹೋಗುತ್ತಿದ್ದ ಶಾಲೆಗಳಲ್ಲಂತೂ ಅಂಕ ತುಸು ಇಳಿದೇ ಇತ್ತು. ಫಿಲಿಪ್ಪೀನ್ಸ್‌ನ ಟಾರ್ಲಾಕ್ ಪ್ರಾಂತ್ಯದಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ವಯಸ್ಸಿಗೆ ತಕ್ಕ ಪುಸ್ತಕ ಕೊಟ್ಟರು, ತರಗತಿಯ ಶಿಕ್ಷಕರಿಗೇ ತರಬೇತಿ ಕೊಟ್ಟು 31 ದಿನ ಓದುವ ಚಟುವಟಿಕೆ ನಡೆಸಿದರು. ಅಲ್ಲಿ ಓದುವ ಸಾಮರ್ಥ್ಯ ಸ್ಪಷ್ಟವಾಗಿ ಏರಿತು. ಆದರೆ ಚಟುವಟಿಕೆ ನಿಂತ ಕೆಲವು ತಿಂಗಳಲ್ಲಿ ಗಳಿಕೆಯ ಅರ್ಧದಷ್ಟು ಕರಗಿತ್ತು. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ನನಗೆ ಅರ್ಥವಾಗುವುದು ಇಷ್ಟು: ಬಂದು ಹೋಗುವವರಿಂದ ಹೆಚ್ಚು ಪ್ರಯೋಜನವಿಲ್ಲ, ಮಗುವನ್ನು ಬಲ್ಲವರು ದಿನವೂ ಓದಿಸಬೇಕು. ಆ ಹೊತ್ತು ಪಾಠದ ಅವಧಿಯಿಂದ ಕಿತ್ತುಕೊಂಡದ್ದಾಗದೆ ಹೊಸದಾಗಿ ಸೇರಿದ್ದಾಗಿರಬೇಕು. ಒಂದು ತಿಂಗಳ ಅಭಿಯಾನವೂ ಸಾಲದು.

ಅರ್ಜಿ ಬರೆಯುವ ಮೊದಲು ಊರಿನ ಮಕ್ಕಳ ಓದನ್ನು ಅಳೆಯಿರಿ. ಅಸರ್ ಸಮೀಕ್ಷೆಯ ವಿಧಾನ ಇದಕ್ಕೆ ಸಾಕು. ಒಂದು ಹಾಳೆಯಲ್ಲಿ ಅಕ್ಷರ, ಸರಳ ಪದ, ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಇರುತ್ತವೆ. ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸಿದರೆ ಕೆಲವೇ ನಿಮಿಷದಲ್ಲಿ ಮಟ್ಟ ತಿಳಿಯುತ್ತದೆ. ಕನ್ನಡದಲ್ಲಿ ಮಗು ಎಲ್ಲಿ ಎಡವುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಕಾಗುಣಿತದವರೆಗೆ ಸರಾಗವಾಗಿ ಬಂದ ಮಗು ‘ಅಜ್ಜಿ’, ‘ಹಳ್ಳ’ ದಾಟಿ, ‘ರಾತ್ರಿ’, ‘ಪುಸ್ತಕ’ದಂಥ ಬೇರೆ ವ್ಯಂಜನದ ಒತ್ತು ಎದುರಾದಾಗ ತಡವರಿಸಿ, ಚಿತ್ರ ನೋಡಿ ಊಹೆ ಮಾಡತೊಡಗುತ್ತದೆ. 2024ರ ಅಸರ್ ವರದಿಯಂತೆ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 48.8. ದೇಶದ ಈ ಅಂಕಿಗಿಂತ ‘ನಮ್ಮ ಊರಿನ ನಾಲ್ಕನೇ ತರಗತಿಯಲ್ಲಿ ಇಷ್ಟು ಮಕ್ಕಳು ಒತ್ತಕ್ಷರದಲ್ಲಿ ನಿಂತಿದ್ದಾರೆ’ ಎಂಬ ನಿಮ್ಮದೇ ಲೆಕ್ಕ ಕಂಪನಿಯವರ ಮುಂದೆ ಹೆಚ್ಚು ತೂಕದ್ದು. ವರ್ಷದ ಕೊನೆಗೆ ಅದೇ ಹಾಳೆಯಲ್ಲಿ ಮತ್ತೆ ಅಳೆದು ತೋರಿಸಬಹುದು.

ಮುಂದಿನದು ಜಾಗ ಮತ್ತು ಜನ. ಹೊಸ ಕಟ್ಟಡ ಕೇಳಬೇಡಿ. ರಾಜ್ಯದಲ್ಲಿ 5 ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಈಗ ಅರಿವು ಕೇಂದ್ರ ಎಂದು ಕರೆಸಿಕೊಳ್ಳುವ ಇವುಗಳಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಕೇಂದ್ರದ ಮೇಲ್ವಿಚಾರಕರ ಜೊತೆಗೆ ಪಿಯುಸಿ ಅಥವಾ ಪದವಿ ಮುಗಿಸಿದ, ಊರಲ್ಲೇ ಇರುವ ಒಬ್ಬ ಯುವತಿಯನ್ನೋ ಯುವಕನನ್ನೋ ಶಾಲೆ ಬಿಟ್ಟ ಮೇಲಿನ ಒಂದು ಗಂಟೆಗೆ ನೇಮಿಸಿಕೊಳ್ಳಲು ಹಣ ಕೇಳಿ. ಆ ಗಂಟೆಯಲ್ಲಿ ಆಗಬೇಕಾದ್ದು ಸರಳ. ಓದಿಸುವವರು ಪುಸ್ತಕವನ್ನು ಮಕ್ಕಳಿಗೆ ಕಾಣುವಂತೆ ಹಿಡಿದು, ಸಾಲಿನ ಕೆಳಗೆ ಬೆರಳಾಡಿಸುತ್ತ ಗಟ್ಟಿಯಾಗಿ ಓದುತ್ತಾರೆ. ನಡುವೆ ನಿಲ್ಲಿಸಿ ಮುಂದೇನಾಗಬಹುದು ಎಂದು ಕೇಳುತ್ತಾರೆ. ಆಮೇಲೆ ಮಕ್ಕಳು ಇಬ್ಬಿಬ್ಬರಾಗಿ ತಮ್ಮ ಮಟ್ಟದ ಪುಸ್ತಕ ಓದುತ್ತಾರೆ. ಹೊರಡುವಾಗ ಪ್ರತಿ ಮಗುವೂ ಒಂದು ಪುಸ್ತಕ ಆರಿಸಿಕೊಂಡು, ಹೆಸರು ಬರೆಸಿ ಮನೆಗೆ ಒಯ್ಯುತ್ತದೆ. ಹರಿದೀತು, ಕಳೆದೀತು ಎಂದು ಪುಸ್ತಕಕ್ಕೆ ಬೀಗ ಹಾಕುವುದಕ್ಕಿಂತ ಹರಿದದ್ದಕ್ಕೆ ಬದಲಿ ತರಲು ಬಜೆಟ್‌ನಲ್ಲೇ ಒಂದಿಷ್ಟು ಇಡುವುದು ಮೇಲು. ಪುಸ್ತಕಕ್ಕೆ ಭಾರಿ ಖರ್ಚೂ ಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ‘ಸ್ಟೋರಿವೀವರ್’ ತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಬರೆದವರು, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಮುದ್ರಿಸಿಕೊಳ್ಳಬಹುದು.

ಎಲ್ಲಕ್ಕಿಂತ ಕಷ್ಟದ್ದು ಮನೆಯವರನ್ನು ಸೇರಿಸಿಕೊಳ್ಳುವುದು. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಹಳ್ಳಿಯ ಸ್ವಯಂಸೇವಕರು ನಡೆಸಿದ ಓದಿನ ಶಿಬಿರಗಳಿಗೆ ಬಂದ ಮಕ್ಕಳು ಚೆನ್ನಾಗಿ ಮುಂದುವರಿದರು, ಆದರೆ ಬಂದವರೇ ಕಡಿಮೆ ಎಂದು ಅಧ್ಯಯನ ತೋರಿಸಿತು. ಕೆಲಸಕ್ಕೆ, ತಮ್ಮ-ತಂಗಿಯರನ್ನು ನೋಡಿಕೊಳ್ಳಲಿಕ್ಕೆ ಮನೆಯಲ್ಲೇ ಉಳಿಯುವ ಮಗು ಅರಿವು ಕೇಂದ್ರಕ್ಕೆ ಬರಬೇಕಾದರೆ ತಾಯಿ ಕಳಿಸಬೇಕು. ತಾಯಿಗೇ ಓದು ಬರದಿದ್ದರೆ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, 2011ರ ಜನಗಣತಿಯಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ 68ರಷ್ಟಿತ್ತು, ಯಾದಗಿರಿಯಲ್ಲಿ ಒಟ್ಟು ಸಾಕ್ಷರತೆಯೇ ಶೇ 52ರ ಆಸುಪಾಸು. ಬಿಹಾರ, ರಾಜಸ್ಥಾನದ ಹಳ್ಳಿಗಳಲ್ಲಿ ತಾಯಂದಿರಿಗೆ ಅಕ್ಷರ ಕಲಿಸುವುದನ್ನೂ ಮಕ್ಕಳ ಕಲಿಕೆಯಲ್ಲಿ ಅವರನ್ನು ತೊಡಗಿಸುವುದನ್ನೂ ಪ್ರಯೋಗಿಸಿ ನೋಡಿದಾಗ ತಾಯಂದಿರ ಕಲಿಕೆ ಹೆಚ್ಚಿತು, ಮನೆಯಲ್ಲಿ ಮಕ್ಕಳ ಪಾಠದ ಕಡೆ ಅವರ ಗಮನವೂ ಹೆಚ್ಚಿತು. ಮಕ್ಕಳ ಅಂಕಗಳ ಮೇಲಾದ ಪರಿಣಾಮ ಮಾತ್ರ ಸಣ್ಣದು, ಅದೂ ಗಣಿತದಲ್ಲಿ. ಆದ್ದರಿಂದ ತಾಯಂದಿರ ಸಭೆಯೊಂದರಿಂದಲೇ ಮಕ್ಕಳಿಗೆ ಓದು ಬಂದುಬಿಡುತ್ತದೆ ಎಂದು ಅರ್ಜಿಯಲ್ಲಿ ಬರೆಯಬೇಡಿ. ಸ್ವಸಹಾಯ ಸಂಘದ ಸಭೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮಕ್ಕಳಿಂದ ಕಥೆ ಓದಿಸುವುದು, ಅಕ್ಷರ ಕಲಿಯಬಯಸುವವರನ್ನು ‘ಉಲ್ಲಾಸ್’ ಸಾಕ್ಷರತಾ ಕಾರ್ಯಕ್ರಮಕ್ಕೆ ಸೇರಿಸುವುದು, ರಾತ್ರಿ ಮಗು ಓದುವಾಗ ಪಕ್ಕ ಕೂತು ‘ಆಮೇಲೇನಾಯ್ತು?’ ಎಂದು ಕೇಳುವಂತೆ ಹೇಳಿಕೊಡುವುದು, ಇಷ್ಟನ್ನು ಬರೆಯಿರಿ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ತೆಲುಗು ಆಡುವ ಮಕ್ಕಳಿದ್ದರೆ ಅಜ್ಜಿಯರನ್ನು ಕರೆಸಿ ಅವರದೇ ಮಾತಿನಲ್ಲಿ ಕಥೆ ಹೇಳಿಸಿ. ಕಥೆ ಮೊದಲೇ ಗೊತ್ತಿದ್ದರೆ ಅದನ್ನೇ ಕನ್ನಡದಲ್ಲಿ ಓದುವಾಗ ಮಗುವಿಗೆ ಅರ್ಥದ ಭಾರ ಇಳಿಯುತ್ತದೆ.

ಯಾರನ್ನು ಕೇಳಬೇಕು, ಯಾವಾಗ? ಕಂಪನಿ ಕಾಯ್ದೆಯ 135ನೇ ಕಲಮಿನಂತೆ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಪ್ರತಿ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕು. ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಹಾಗಾಗಿ ಬೆಂಗಳೂರಿನ ದೊಡ್ಡ ಹೆಸರುಗಳಿಗಿಂತ ಮೊದಲು ನಿಮ್ಮ ತಾಲ್ಲೂಕಿನ ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ಸೌರ ವಿದ್ಯುತ್ ಘಟಕಗಳನ್ನು ನೋಡಿ. ಯಾವ ಕಂಪನಿ ಎಲ್ಲಿ ಎಷ್ಟು ಖರ್ಚು ಮಾಡಿದೆ ಎಂಬುದು ಕೇಂದ್ರ ಸರ್ಕಾರದ ಸಿಎಸ್‌ಆರ್ ಪೋರ್ಟಲ್‌ನಲ್ಲಿದೆ. ಹಣ ಪಡೆದು ಕಾರ್ಯಕ್ರಮ ನಡೆಸುವ ಟ್ರಸ್ಟ್ ಅಥವಾ ಸಂಘಕ್ಕೆ ಸಿಎಸ್‌ಆರ್-1 ನೋಂದಣಿ, 12ಎ ಮತ್ತು 80ಜಿ ಮಾನ್ಯತೆ ಬೇಕು. ಸಾಮಾನ್ಯವಾಗಿ ಮೂರು ವರ್ಷದ ಅನುಭವವನ್ನೂ ಕೇಳುತ್ತಾರೆ. ನಿಮ್ಮ ಸಮಿತಿಗೆ ಇವಿಲ್ಲದಿದ್ದರೆ ಇರುವ ಸಂಸ್ಥೆಯೊಂದರ ಜೊತೆ ಸೇರಿ ಅರ್ಜಿ ಹಾಕಿ. ವಾರ್ಷಿಕ ಕ್ರಿಯಾ ಯೋಜನೆ ಆಡಳಿತ ಮಂಡಳಿಯ ಮುಂದೆ ಹೋಗುವ ಮೊದಲೇ, ಜನವರಿ-ಫೆಬ್ರುವರಿಯಲ್ಲಿ, ಪ್ರಸ್ತಾವ ತಲುಪಿರಲಿ. ಮಾರ್ಚ್ ಕೊನೆಯಲ್ಲಿ ಖರ್ಚು ಮುಗಿಸುವ ಅವಸರದಲ್ಲಿ ಬರುವ ಹಣ ಕಪಾಟಿನ ರೂಪದಲ್ಲೇ ಬರುತ್ತದೆ.

ಗೌರವಧನಕ್ಕೆ ಕೊಟ್ಟರೆ ಶೇ 5ರ ಆಡಳಿತ ವೆಚ್ಚದ ಮಿತಿ ಮೀರುತ್ತದೆ ಎಂದು ಕೆಲವರು ಹಿಂಜರಿಯುತ್ತಾರೆ. ಆ ಮಿತಿ ಇರುವುದು ಕಂಪನಿಯು ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸುವ ಖರ್ಚಿಗೆ. ಓದಿಸುವವರ ಗೌರವಧನ ಕಾರ್ಯಕ್ರಮದ್ದೇ ವೆಚ್ಚ. ಫಲಕ, ಲಾಂಛನದ ಒತ್ತಾಯ ಬಂದರೆ ಮಾರುಕಟ್ಟೆ ಲಾಭಕ್ಕಾಗಿ ಮಾಡುವ ಪ್ರಾಯೋಜಕತ್ವ ಸಿಎಸ್‌ಆರ್ ಅಲ್ಲ ಎಂಬ ನಿಯಮವನ್ನು ಸೌಜನ್ಯದಿಂದಲೇ ನೆನಪಿಸಿ. ಇನ್ನೂ ಗಂಭೀರವಾದ ಆಕ್ಷೇಪವೆಂದರೆ, ಓದು ಕಲಿಸುವುದು ಸರ್ಕಾರದ ಹೊಣೆ, ಕಂಪನಿ ಹಣ ಬಂದರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂಬುದು. ಈ ಭಯ ನಿಜವಾದದ್ದು. ಖಾಲಿ ಇರುವ ಶಿಕ್ಷಕ ಹುದ್ದೆಗೆ ಬದಲಾಗಿ ಕಂಪನಿ ದುಡ್ಡಿನಲ್ಲಿ ಯಾರನ್ನೂ ನೇಮಿಸಿಕೊಳ್ಳಬಾರದು. ಆ ಹುದ್ದೆಗಾಗಿ ಬಿಇಒ ಕಚೇರಿಗೆ ಬರೆಯುವುದನ್ನು ನಿಲ್ಲಿಸಲೂಬಾರದು. ಶಾಲೆ ಬಿಟ್ಟ ಮೇಲಿನ ಗಂಟೆಗೆ ಈಗ ಯಾರೂ ಹೊಣೆಯಾಗಿಲ್ಲ. ಕಂಪನಿ ಹಣ ಅಲ್ಲಿಗೆ ಹೋಗಲಿ.

ಒಪ್ಪಂದವನ್ನು ‘ಚಾಲ್ತಿ ಯೋಜನೆ’ ಎಂದೇ ಮಾಡಿಸಿಕೊಳ್ಳಿ. ಆಗ ಶುರುವಾದ ವರ್ಷವನ್ನು ಬಿಟ್ಟು ಮೂರು ವರ್ಷದವರೆಗೆ ನಡೆಸಲು ನಿಯಮದಲ್ಲೇ ಅವಕಾಶವಿದೆ. ಆಯಾ ವರ್ಷ ಖರ್ಚಾಗದೆ ಉಳಿದ ಹಣವೂ ಪ್ರತ್ಯೇಕ ಖಾತೆಯಲ್ಲಿ ಅದೇ ಕೆಲಸಕ್ಕೆ ಮೀಸಲಾಗಿರುತ್ತದೆ. ಮೊದಲ ದಿನವೇ ಪಿಡಿಒ, ಪಂಚಾಯಿತಿ ಅಧ್ಯಕ್ಷರನ್ನು ಕೂರಿಸಿಕೊಂಡು ಮಾತಾಡಿ. ಎರಡನೇ ವರ್ಷದಿಂದ ಗೌರವಧನದ ಒಂದು ಪಾಲು ಪಂಚಾಯಿತಿಯಿಂದ ಬರಬೇಕು, ಕೊನೆಯ ವರ್ಷದ ಹೊತ್ತಿಗೆ ಪೂರ್ತಿ ಪಂಚಾಯಿತಿಯದ್ದೇ ಆಗಬೇಕು ಎಂಬ ಠರಾವು ಮಾಡಿಸಿ, ಅದರ ಪ್ರತಿಯನ್ನು ಕಂಪನಿಯ ಅರ್ಜಿಯ ಜೊತೆಗೆ ಲಗತ್ತಿಸಿ.