ಶೀಘ್ರಸ್ಖಲನ: ಒಂದು ಅನುಭವದ ತಿಳಿವಳಿಕೆ

ಸಂಭೋಗ ಶುರುವಾದ ಸುಮಾರು ಒಂದು ನಿಮಿಷದೊಳಗೆ, ಕೆಲವೊಮ್ಮೆ ಶುರುವಾಗುವ ಮೊದಲೇ, ವೀರ್ಯ ಹೊರಬೀಳುತ್ತದೆ. ಹೆಚ್ಚುಕಡಿಮೆ ಪ್ರತಿ ಸಲವೂ ಹೀಗೇ ಆಗುತ್ತದೆ, ತಡೆಯಬೇಕೆಂದರೂ ತಡೆಯಲಾಗುವುದಿಲ್ಲ. ಕೊನೆಗೆ ಮನಸ್ಸು ನೊಂದು ಹೆಂಡತಿಯ ಹತ್ತಿರ ಹೋಗುವುದಕ್ಕೇ ಹಿಂಜರಿಕೆ ಹುಟ್ಟುತ್ತದೆ. ಇಷ್ಟೂ ಸೇರಿದಾಗ ವೈದ್ಯರು ಅದನ್ನು ಶೀಘ್ರಸ್ಖಲನ ಎನ್ನುತ್ತಾರೆ. ಮೊದಲ ಅನುಭವದಿಂದಲೇ ಇರುವುದು ಒಂದು ಬಗೆ. ವರ್ಷಗಟ್ಟಲೆ ಸರಿಯಿದ್ದು ನಡುವೆ ಕಾಣಿಸಿಕೊಳ್ಳುವುದು ಇನ್ನೊಂದು ಬಗೆ. ಅಲ್ಲಿ ಅವಧಿ ಸುಮಾರು ಮೂರು ನಿಮಿಷಕ್ಕೋ ಅದಕ್ಕಿಂತ ಕಡಿಮೆಗೋ ಇಳಿದಿರುತ್ತದೆ. ಅಂತರರಾಷ್ಟ್ರೀಯ ಲೈಂಗಿಕ ವೈದ್ಯಶಾಸ್ತ್ರ ಸಂಘ 2014ರಲ್ಲಿ ಒಪ್ಪಿದ ವ್ಯಾಖ್ಯಾನದ ಸಾರ ಇದು. ಯಾವಾಗಲೋ ಒಮ್ಮೆ, ದಣಿವಿನಲ್ಲೋ ಬಹುದಿನದ ಅಗಲಿಕೆಯ ಮೇಲೋ ಬೇಗ ಮುಗಿದರೆ ಅದು ಕಾಯಿಲೆಯಲ್ಲ.

ಈ ಲೇಖಕನ ದಾಂಪತ್ಯದ ಮೊದಲ ವರ್ಷಗಳನ್ನು ಈ ತೊಂದರೆ ಕಾಡಿತ್ತು. ಆ ಕಾಲದಲ್ಲಿ ತಿಳಿದುಬಂದ ಮೊದಲ ಸಂಗತಿಯೆಂದರೆ ಗಡಿಯಾರದ ಬಗ್ಗೆ ಗಂಡಸರಲ್ಲಿರುವ ಕಲ್ಪನೆ ಎಷ್ಟು ತಪ್ಪು ಎಂಬುದು. ನೀಲಿಚಿತ್ರ ನೋಡಿ, ಗೆಳೆಯರ ಬಡಾಯಿ ಕೇಳಿ ಬೆಳೆದವರಿಗೆ ಅರ್ಧ ಗಂಟೆ ಮಾಮೂಲು ಅನ್ನಿಸಿರುತ್ತದೆ. ನೆದರ್ಲೆಂಡ್ಸ್, ಬ್ರಿಟನ್, ಸ್ಪೇನ್, ಟರ್ಕಿ, ಅಮೆರಿಕ ಈ ಐದು ದೇಶಗಳ 500 ಜೋಡಿಗಳು ಸ್ಟಾಪ್‌ವಾಚ್ ಹಿಡಿದು ಅಳೆದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಧ್ಯಾಂಕ ಅವಧಿ 5.4 ನಿಮಿಷ. ಅಂದರೆ ಅರ್ಧದಷ್ಟು ಜನರದ್ದು ಅದಕ್ಕಿಂತಲೂ ಕಡಿಮೆ. ನಾಲ್ಕೈದು ನಿಮಿಷ ಆಗುತ್ತಿದ್ದರೂ ತನಗೆ ರೋಗವಿದೆಯೆಂದು ಕೊರಗುವವನಿಗೆ ಈ ಒಂದು ಅಂಕಿಯೇ ಅರ್ಧ ಔಷಧ.

ಸ್ಖಲನ ಬೆನ್ನುಹುರಿಯ ನರಕೇಂದ್ರಗಳಿಂದ ನಡೆಯುವ ಪರಾವರ್ತಿತ ಪ್ರತಿಕ್ರಿಯೆ. ಮಿದುಳು ಅದಕ್ಕೆ ಲಗಾಮು ಹಾಕುತ್ತದೆ. ಆ ಲಗಾಮಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ಹುಟ್ಟಾ ಈ ಲಗಾಮು ಸಡಿಲವಿರುವವರಿದ್ದಾರೆ. ಅದಕ್ಕೂ ಅವರ ಗಂಡಸುತನಕ್ಕೂ ಸಂಬಂಧವಿಲ್ಲ. ನಡುವೆ ಶುರುವಾಗುವ ಬಗೆಗೆ ಕಾರಣಗಳು ಬೇರೆ: ಥೈರಾಯ್ಡ್ ಹೆಚ್ಚಾಗಿರಬಹುದು, ಪ್ರಾಸ್ಟೇಟ್ ಗ್ರಂಥಿಯಲ್ಲಿ ಉರಿಯೂತವಿರಬಹುದು, ನಿಮಿರುವಿಕೆಯೇ ಕುಗ್ಗಿರಬಹುದು. ನಿಮಿರುವಿಕೆ ಎಲ್ಲಿ ಹೋಗಿಬಿಡುತ್ತದೋ ಎಂಬ ಭಯದಲ್ಲಿ ಗಂಡಸು ಅವಸರಪಡುತ್ತಾನೆ, ಅವಸರ ಸ್ಖಲನವನ್ನು ಹತ್ತಿರ ತರುತ್ತದೆ. ಎರಡು ಬಗೆಯಲ್ಲೂ ಆತಂಕ ಬಂದು ಸೇರಿಕೊಳ್ಳುತ್ತದೆ. ಪಕ್ಕದ ಕೋಣೆಯಲ್ಲಿ ಅಪ್ಪ ಅಮ್ಮ ಮಲಗಿರುವ ಚಿಕ್ಕ ಮನೆಯಲ್ಲಿ, ಮಂಚದ ಸದ್ದಿಗೂ ಬೆಚ್ಚುತ್ತಾ ಬೇಗ ಮುಗಿಸುವುದೇ ರೂಢಿಯಾಗಿಬಿಡುವುದೂ ಉಂಟು.

ಹದಿಹರೆಯದಲ್ಲಿ ಹಸ್ತಮೈಥುನ ಮಾಡಿಕೊಂಡದ್ದರಿಂದಲೇ ಹೀಗಾಯಿತು ಎಂಬ ಪಾಪಪ್ರಜ್ಞೆಗೆ ಆಧಾರವಿಲ್ಲ. ವೀರ್ಯ ಹೋದರೆ ದೇಹದ ಸತ್ವವೇ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವೆಂದರೆ, ಆ ಭಯದಿಂದ ಹುಟ್ಟುವ ಸುಸ್ತು, ನಿದ್ರಾಹೀನತೆ, ಖಿನ್ನತೆಗಳಿಗೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ 'ಧಾತ್ ಸಿಂಡ್ರೋಮ್' ಎಂದೇ ಹೆಸರು ಕೊಟ್ಟರು. ಶೀಘ್ರಸ್ಖಲನದ ದೂರು ಹೊತ್ತು ಬರುವ ಎಷ್ಟೋ ಯುವಕರಲ್ಲಿ ಈ ಭಯವೂ ಬೆರೆತಿರುತ್ತದೆ. ಅದನ್ನು ಬಿಡಿಸದೆ ಮಾತ್ರೆ ಕೊಟ್ಟರೆ ಉಪಯೋಗ ಕಡಿಮೆ.

ವೈದ್ಯರ ಬಳಿ ಹೋದಾಗ ಪರೀಕ್ಷೆಗಿಂತ ಹೆಚ್ಚು ನಡೆಯುವುದು ಮಾತು. ಯಾವಾಗಿನಿಂದ, ಪ್ರತಿ ಸಲವೂ ಹೀಗೆಯೇ, ಒಬ್ಬನೇ ಇದ್ದಾಗಲೂ ಹೀಗೆಯೇ, ಬೆಳಗಿನ ಜಾವ ನಿಮಿರುವಿಕೆ ಇದೆಯೇ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬ ಪ್ರಶ್ನೆಗಳು. ಅನುಮಾನವಿದ್ದರೆ ಮಾತ್ರ ಥೈರಾಯ್ಡ್, ಸಕ್ಕರೆ ಅಥವಾ ಮೂತ್ರದ ಪರೀಕ್ಷೆ. ಕೊನೆಗೆ ಒಳ್ಳೆಯ ವೈದ್ಯರು ಹೇಳುವುದು, "ಮುಂದಿನ ಸಲ ಮನೆಯವರನ್ನೂ ಕರ್ಕೊಂಡು ಬನ್ನಿ." ಈ ಲೇಖಕನ ಚಿಕಿತ್ಸೆಗೆ ನಿಜವಾದ ತಿರುವು ಸಿಕ್ಕಿದ್ದು ಅಲ್ಲೇ. ವೈದ್ಯರ ಮುಂದೆ ಹೆಂಡತಿ ತಲೆ ತಗ್ಗಿಸಿಕೊಂಡು ಹೇಳಿದ್ದು, "ನನ್ನ ಕಂಡ್ರೆ ಇಷ್ಟ ಇಲ್ಲ, ಅದಕ್ಕೇ ಬೇಗ ಮುಗಿಸಿ ಆ ಕಡೆ ತಿರುಗಿ ಮಲಗ್ತಾರೆ ಅಂದ್ಕೊಂಡಿದ್ದೆ." ಗಂಡ ನಾಚಿಕೆಯಿಂದ ಮುಖ ತಿರುಗಿಸುತ್ತಿದ್ದ, ಅದು ಆಕೆಗೆ ತಿರಸ್ಕಾರವಾಗಿ ಕಂಡಿತ್ತು. ಬೇಗ ಮುಗಿದದ್ದಕ್ಕಿಂತ, ಮುಗಿದ ಮೇಲಿನ ಮೌನ ಹೆಂಗಸರನ್ನು ಹೆಚ್ಚು ನೋಯಿಸುತ್ತದೆ. ಸಂಭೋಗವಷ್ಟೇ ಸುಖದ ದಾರಿಯಲ್ಲ, ಕೈ ಬಾಯಿಗಳ ಸ್ಪರ್ಶದಿಂದಲೂ ಹೆಂಡತಿ ತೃಪ್ತಿ ಪಡೆಯಬಲ್ಲಳು ಎಂದು ಇಬ್ಬರೂ ಒಪ್ಪಿಕೊಂಡರೆ, ನಿಮಿಷಗಳ ಮೇಲಿನ ಭಾರ ತಾನಾಗಿಯೇ ಇಳಿಯುತ್ತದೆ.

ಅಭ್ಯಾಸಗಳಲ್ಲಿ ಹಳೆಯದೂ ಸರಳವೂ ಆದದ್ದು 'ನಿಲ್ಲಿಸಿ ಮುಂದುವರಿಸುವ' ಕ್ರಮ. ಅಮೆರಿಕದ ಮೂತ್ರಶಾಸ್ತ್ರ ವೈದ್ಯ ಜೇಮ್ಸ್ ಸೀಮನ್ಸ್ ಇದನ್ನು 1956ರಲ್ಲಿ ವಿವರಿಸಿದರು. ಸ್ಖಲನಕ್ಕೆ ಮುನ್ನ ಒಂದು ಗಡಿ ಇದೆ; ಅದನ್ನು ದಾಟಿದ ಮೇಲೆ ಯಾರಿಂದಲೂ ತಡೆಯಲಾಗದು. ಅಭ್ಯಾಸದ ಗುರಿ, ಹಾಲು ಉಕ್ಕುವ ಮುಂಚೆಯೇ ಉರಿ ತಗ್ಗಿಸುವ ಹಾಗೆ, ಆ ಗಡಿಗೆ ಸಾಕಷ್ಟು ಮೊದಲೇ ಮೈಯ ಸೂಚನೆಯನ್ನು ಗುರುತಿಸುವುದು. ಮೊದಲು ಒಬ್ಬನೇ, ನಿಧಾನವಾಗಿ, ಬಿಡುವಿದ್ದಾಗ ಮಾಡಬೇಕು. ಉದ್ರೇಕ ಏರುತ್ತಿದ್ದಂತೆ ಕೈ ತೆಗೆದು, ಉಸಿರನ್ನು ದೀರ್ಘವಾಗಿ ಬಿಡುತ್ತಾ, ಆ ಒತ್ತರ ಇಳಿಯುವವರೆಗೆ ಸುಮ್ಮನಿರಬೇಕು. ಇಳಿದ ಮೇಲೆ ಮತ್ತೆ ಶುರು. ಹೀಗೆ ಮೂರು ಸಲ ನಿಲ್ಲಿಸಿ, ನಾಲ್ಕನೆಯ ಸಲ ಹೋಗಗೊಡಬೇಕು. ಇದು ಹಿಡಿತಕ್ಕೆ ಬಂದ ಮೇಲೆ ಹೆಂಡತಿಯ ಕೈಯಿಂದ, ಆಮೇಲೆ ಸಂಭೋಗದಲ್ಲಿ ಹೆಚ್ಚು ಅಲುಗಾಡದೆ, ಕೊನೆಗೆ ಸಹಜ ಚಲನೆಯಲ್ಲಿ. ಹೆಂಡತಿ ಮೇಲಿರುವ ಭಂಗಿಯಲ್ಲಿ ಗಂಡನ ಸ್ನಾಯುಗಳು ಸಡಿಲವಾಗಿರುವುದರಿಂದ ತಡೆಯುವುದು ಸುಲಭ. ನಿಲ್ಲಿಸಲು "ಸ್ವಲ್ಪ ಇರು" ಎಂಬ ಒಂದು ಮಾತು ಸಾಕು, ಆದರೆ ಅದನ್ನು ಮೊದಲೇ ಮಾತಾಡಿಕೊಂಡಿರಬೇಕು. ನಿಲ್ಲಿಸಿದಾಗ ಶಿಶ್ನದ ತುದಿಯ ಕೆಳಭಾಗವನ್ನು ಕೆಲವು ಸೆಕೆಂಡು ಮೆಲ್ಲಗೆ ಅದುಮಿ ಹಿಡಿಯುವ ಕ್ರಮವನ್ನು ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಜನಪ್ರಿಯಗೊಳಿಸಿದರು. ಲೆಕ್ಕದ ಮಗ್ಗಿಯನ್ನೋ ಆಫೀಸಿನ ಕೆಲಸವನ್ನೋ ನೆನೆದು ಮನಸ್ಸನ್ನು ಬೇರೆ ಕಡೆ ತಿರುಗಿಸುವುದು ಇದಕ್ಕೆ ತದ್ವಿರುದ್ಧ. ಆಗ ಮೈಯ ಸೂಚನೆಯೇ ತಪ್ಪಿಹೋಗುತ್ತದೆ.

ಶ್ರೋಣಿಯ ತಳದ ಸ್ನಾಯುಗಳ ವ್ಯಾಯಾಮವೂ ನೆರವಾಗುತ್ತದೆ. ಮೂತ್ರವನ್ನು ನಡುವೆ ತಡೆಯುವಾಗ ಬಿಗಿಯಾಗುವ ಸ್ನಾಯುಗಳೇ ಇವು. ಕುಳಿತಲ್ಲೇ ಅವನ್ನು ಬಿಗಿಹಿಡಿದು ಸಡಿಲಿಸಬೇಕು. ಬಿಗಿಹಿಡಿಯುವಷ್ಟೇ ಸಡಿಲಿಸುವುದೂ ಮುಖ್ಯ. 2014ರಲ್ಲಿ ಪ್ರಕಟವಾದ ಇಟಲಿಯ ಒಂದು ಸಣ್ಣ ಅಧ್ಯಯನದಲ್ಲಿ, ಮೊದಲಿನಿಂದ ಈ ತೊಂದರೆಯಿದ್ದ 40 ಗಂಡಸರ ಪೈಕಿ 33 ಮಂದಿಗೆ 12 ವಾರಗಳ ತರಬೇತಿಯಿಂದ ಹಿಡಿತ ಬಂತು. ವಾರಗಟ್ಟಲೆ ತಾಳ್ಮೆ ಬೇಕಾದ ಕೆಲಸವಿದು.

ಅಭ್ಯಾಸದ ಜೊತೆಗೆ ಔಷಧ ಬೇಕಾಗುವವರು ಅನೇಕರು, ಹುಟ್ಟಿನಿಂದ ಬಂದ ಬಗೆಯವರು ಮುಖ್ಯವಾಗಿ. ಡಪಾಕ್ಸೆಟಿನ್ ಮಾತ್ರೆಯನ್ನು ಸಂಭೋಗಕ್ಕೆ ಒಂದರಿಂದ ಮೂರು ಗಂಟೆ ಮೊದಲು ತೆಗೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಆರಂಭ 30 ಮಿಲಿಗ್ರಾಂನಿಂದ. ವಾಕರಿಕೆ, ತಲೆಸುತ್ತು ಬರಬಹುದು, ಎದ್ದು ನಿಂತಾಗ ಕಣ್ಣುಕತ್ತಲೆ ಬಂದು ಬೀಳುವುದೂ ಉಂಟು. ಮದ್ಯದ ಜೊತೆ ಕೂಡದು, ಹೃದ್ರೋಗವಿರುವವರಿಗೆ ಕೂಡದು. ಪ್ಯಾರಾಕ್ಸೆಟಿನ್, ಸರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆಗಳನ್ನು ವೈದ್ಯರು ದಿನವೂ ಕೊಡುವುದುಂಟು. ಅವು ಕೆಲಸ ಮಾಡಲು ಒಂದೆರಡು ವಾರ ಹಿಡಿಯುತ್ತದೆ, ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಕಿರಿಕಿರಿ, ತಲೆಸುತ್ತು ಶುರುವಾಗುತ್ತದೆ. ಲಿಡೋಕೇನ್ ಇರುವ ಮರಗಟ್ಟಿಸುವ ಮುಲಾಮನ್ನೋ ಸ್ಪ್ರೇಯನ್ನೋ ಹತ್ತಿಪ್ಪತ್ತು ನಿಮಿಷ ಮೊದಲು ಹಚ್ಚಿ, ಆಮೇಲೆ ತೊಳೆಯಬೇಕು ಅಥವಾ ಕಾಂಡೋಮ್ ಹಾಕಬೇಕು. ಇಲ್ಲದಿದ್ದರೆ ಹೆಂಡತಿಗೂ ಸ್ಪರ್ಶ ಮರಗಟ್ಟುತ್ತದೆ.

ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ, ರಸ್ತೆ ಬದಿಯ ಡೇರೆಗಳಲ್ಲಿ, ಈಗ ಮೊಬೈಲ್ ಪರದೆಯಲ್ಲಿ 'ಗುಪ್ತರೋಗ'ಕ್ಕೆ ಗ್ಯಾರಂಟಿ ಮದ್ದು ಮಾರುವವರಿಂದ ದೂರವಿರಬೇಕು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಗಿಡಮೂಲಿಕೆಯೆಂದು ಮಾರುವ ಪುಡಿ, ಗುಳಿಗೆಗಳಲ್ಲಿ ನಿಮಿರುವಿಕೆಯ ಔಷಧವಾದ ಸಿಲ್ಡೆನಾಫಿಲ್ ಬೆರಕೆ ಸಿಕ್ಕಿರುವುದುಂಟು. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವನ ರಕ್ತದೊತ್ತಡವನ್ನು ಅದು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ನಾಚಿಕೆಯಿಂದ ಆಸ್ಪತ್ರೆಗೆ ಹೋಗದವರೇ ಇಂಥವರ ಕೈಗೆ ಸಾವಿರಗಟ್ಟಲೆ ಸುರಿಯುತ್ತಾರೆ ಎಂಬುದು ಸಂಕಟದ ವಿಷಯ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಅಥವಾ ಮೂತ್ರಶಾಸ್ತ್ರ ವೈದ್ಯರ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿದರೆ ಆಯಿತು, ಕಾರಣವನ್ನು ಕೌಂಟರಿನಲ್ಲಿ ಹೇಳಬೇಕಾಗಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಮನಸ್ಸಿನ ಆತಂಕವನ್ನು ಕನ್ನಡದಲ್ಲೇ ಹೇಳಿಕೊಳ್ಳಬಹುದು.

ಯೋನಿ ಸೇರುವ ಮೊದಲೇ ಪ್ರತಿ ಸಲವೂ ಸ್ಖಲನವಾಗುತ್ತಿದ್ದರೆ ಮಕ್ಕಳಾಗುವುದೂ ತಡವಾಗುತ್ತದೆ. "ಇನ್ನೂ ಏನೂ ಇಲ್ವಾ?" ಎಂಬ ಮನೆಯ ಹಿರಿಯರ ಪ್ರಶ್ನೆಗೆ ಹೆಂಡತಿಯೊಬ್ಬಳೇ ಉತ್ತರ ಕೊಡುತ್ತಾ, ಆಕೆಯೊಬ್ಬಳಿಗೇ ಪರೀಕ್ಷೆಗಳು ನಡೆಯುವ ಮನೆಗಳಿವೆ. ಅಂಥ ಸಂದರ್ಭದಲ್ಲಿ ಗಂಡ ವೈದ್ಯರಿಗೆ ನಿಜ ಹೇಳಿದರೆ ದಾರಿ ಸರಳ. ತೊಂದರೆ ವಾಸಿಯಾಗುವವರೆಗೆ ಕಾಯದೆ, ಫಲವತ್ತತೆಯ ದಿನಗಳಲ್ಲಿ ವೀರ್ಯವನ್ನು ಶುಚಿಯಾಗಿ ಒಳಸೇರಿಸುವ ವಿಧಾನವನ್ನು ಅವರೇ ತಿಳಿಸಿಕೊಡುತ್ತಾರೆ.